ಮಾವನವರ ಬೆಂಚು

ಮಾವನವರ ಬೆಂಚು ಸ್ವಲ್ಪ ಅಲುಗಾಡುತ್ತಿತ್ತು. ಅಲುಗಾಡುವ ಬೆಂಚಿನ ಮೇಲೆ ಲೋಕದಲ್ಲಿ ಎಷ್ಟೋ ಜನ ನೆಮ್ಮದಿಯಾಗಿ ಕುಳಿತು ಆಯುಷ್ಯ ಕಳೆದಿದ್ದಾರೆ. ಆದರೆ ಅಳಿಯಂದಿರಿಗೆ ಮರಗೆಲಸ ಕಲಿಯುವ ಹುಚ್ಚು ಹೊಸದಾಗಿ ಹತ್ತಿತ್ತು.

ಅಳಿಯಂದಿರೆಂದರೆ ಒಬ್ಬರೇ, ಅಂಚೆ ಕಚೇರಿಯ ಗುಮಾಸ್ತರು. ಹೆಂಡತಿಯ ತವರಿನಲ್ಲೇ ನೆಲೆಸಿದ್ದರಿಂದ ಬೀದಿಗೆಲ್ಲ ಅವರು ಅಳಿಯಂದಿರು. ಅದುವರೆಗೆ ಅವರ ಕೈಯಿಂದ ಹೊರಬಂದದ್ದು ಎರಡೇ ಸಾಮಾನು. ಸೌಟು ನೇತುಹಾಕುವ ಹಲಗೆ, ಗೋಡೆಗೆ ಹೊಡೆದ ದಿನವೇ ಸೌಟುಗಳ ಸಮೇತ ಕೆಳಗಿಳಿದು ಬಂತು. ಇನ್ನೊಂದು ಪೆಟ್ಟಿಗೆ, ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು. ಈಗ ಕಣ್ಣು ಬೆಂಚಿನ ಮೇಲೆ ಬಿತ್ತು.

ಅದು ಬರಿಯ ಬೆಂಚಲ್ಲ. ಹಿತ್ತಿಲ ಜಗಲಿಯಲ್ಲಿ ಮಾವನೂ ಅತ್ತೆಯೂ ಸಂಜೆ ಹೊತ್ತು ಅದರ ಮೇಲೆ ಕುಳಿತು ಮಾತಾಡುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಮಾವ ತಮ್ಮ ತುದಿಯಲ್ಲೇ ಕೂರುತ್ತಿದ್ದರು. ಇನ್ನೊಂದು ತುದಿಯನ್ನು ಕೈವಸ್ತ್ರದಿಂದ ಒರೆಸಿ ಖಾಲಿ ಬಿಡುತ್ತಿದ್ದರು. ಅಲ್ಲಿ ಮನೆಯ ಬೆಕ್ಕು ಕೂಡ ಕೂರುತ್ತಿರಲಿಲ್ಲ.

ಆ ದಿನ ಮಾವ ಕಣ್ಣಿನ ಡಾಕ್ಟರಿಗೆ ತೋರಿಸಲು ಮಗಳ ಜೊತೆ ಪಕ್ಕದ ಊರಿಗೆ ಹೊರಟರು. ಬರುವುದು ಸಂಜೆಯ ಬಸ್ಸಿಗೆ. 'ಅಷ್ಟರಲ್ಲಿ ಅಲುಗಾಟ ನಿಲ್ಲಿಸಿಬಿಟ್ಟರೆ ಮಾವನಿಗೆ ಎಷ್ಟು ಸಂತೋಷವಾದೀತು' ಎಂದುಕೊಂಡು ಅಳಿಯಂದಿರು ಬೆಂಚನ್ನು ಬೋರಲು ಹಾಕಿದರು. ಎಲ್ಲಿ ಸಡಿಲವಾಗಿದೆ ನೋಡೋಣವೆಂದು ಒಂದು ಕಾಲನ್ನು ಹಿಡಿದು ಮೆಲ್ಲಗೆ ತಿರುಗಿಸಿದರು. ಕಾಲು ಕೈಗೆ ಬಂತು.

ಮಿಕ್ಕವಾದರೂ ಗಟ್ಟಿಯಿವೆಯೇ ಎಂದು ಮುಟ್ಟಿ ನೋಡಿದರು. ಅವೂ ಬಂದವು. ಈಗ ಎದುರಿಗೆ ಒಂದು ಹಲಗೆ, ಅದರಲ್ಲಿ ನಾಲ್ಕು ತೂತು, ನೆಲದ ಮೇಲೆ ನಾಲ್ಕು ಕಾಲು.

ತೆಗೆದ ಹಾಗೇ ಸಿಕ್ಕಿಸಿದರಾಯಿತು ಎಂದುಕೊಂಡರು. ಆದರೆ ಯಾವ ಕಾಲು ಯಾವ ತೂತಿನದು? ಕೈಯಿಂದ ಕೆತ್ತಿದ ಕಾಲುಗಳು. ಒಂದರ ತಲೆ ದಪ್ಪ, ಇನ್ನೊಂದರದು ಓರೆ. ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮನೆಗೆ ಇನ್ನೊಂದು ಕಾಲಿಡಲು ಒಪ್ಪಲಿಲ್ಲ. ಅಳಿಯಂದಿರು ಬೆವರುತ್ತಾ ಉಳಿ ತೆಗೆದುಕೊಂಡು ದಪ್ಪ ತಲೆಯನ್ನು ಕೆತ್ತಿದರು. ಅದು ಈಗ ತೂತಿನಲ್ಲಿ ಗಂಟೆಯ ನಾಲಿಗೆಯಂತೆ ತೂಗಾಡಿತು. ಇನ್ನೊಂದಕ್ಕೆ ತೂತನ್ನೇ ಅಗಲ ಮಾಡಿದರು. ಅಷ್ಟರಲ್ಲಿ ಅದಕ್ಕೆ ಸರಿಹೋಗುವ ತೂತು ಬೇರೆಯೇ ಎಂದು ಗೊತ್ತಾಯಿತು. ಕೊನೆಗೆ ನಾಲ್ಕು ತಲೆಗಳನ್ನೂ ಅಷ್ಟಷ್ಟು ಹೆರೆದು ನೋಡಿದರು.

ಸದ್ದು ಕೇಳಿ ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿದ. "ಅಳಿಯಂದ್ರೇ, ಸೌದೆ ಒಡೀತಿದ್ದೀರಾ?"

"ರಿಪೇರಿ ಮಾಡ್ತಿದ್ದೀನಪ್ಪಾ."

"ಅಯ್ಯೋ ದೇವರೇ! ಮೇಷ್ಟ್ರ ಬೆಂಚು!" ದರ್ಜಿ ಗೋಡೆ ಹಾರಿಯೇ ಬಂದ. ಮಾವ ಹೆಡ್‌ಮಾಸ್ತರಾಗಿದ್ದವರು, ಅವರ ಕೈಯಲ್ಲಿ ಏಟು ತಿನ್ನದವರು ಆ ಬೀದಿಯಲ್ಲಿ ಕಡಿಮೆ. "ಮಗ್ಗಿ ತಪ್ಪಿದ್ದಕ್ಕೇ ನನ್ನನ್ನ ಇಡೀ ದಿನ ನಿಲ್ಲಿಸಿದ್ರು. ನಿಮ್ಮನ್ನ ಜನ್ಮಪೂರ್ತಿ ನಿಲ್ಲಿಸ್ತಾರೆ. ಚಿಂದಿ ಬಟ್ಟೆ ಸುತ್ತಿ ತುರುಕಿ, ಯಾರಿಗೂ ಕಾಣಲ್ಲ."

ತುರುಕಿದರು. ಬೆಂಚು ನಿಂತಿತು, ಹುಟ್ಟಿದ ಕೂಡಲೇ ನಿಲ್ಲಲು ಹೊರಟ ಕರುವಿನ ಹಾಗೆ; ಹಾಗೆಯೇ ಮುಗ್ಗರಿಸಿತು.

ಹಿಟ್ಟಿನ ಗಿರಣಿಯವನು ಬಂದ. ಎದುರು ಮನೆಯ ನರ್ಸಮ್ಮ ಬಂದರು. ಬಿದ್ದ ಬೆಂಚನ್ನು ನರ್ಸಮ್ಮ ರೋಗಿಯನ್ನು ನೋಡುವಂತೆ ನೋಡಿ, "ಬಟ್ಟೆ ಕಟ್ಟಿದ್ರೆ ಆಗಲ್ಲ ಕಣ್ರೀ, ಅಂಟು ಹಾಕಿ" ಎಂದರು.

ಅಳಿಯಂದಿರು ಓಡಿದರು. ಅಂಗಡಿಯವನು ಅಂಟಿನ ಡಬ್ಬಿ ಕೊಡುತ್ತಾ ಹೇಳಿದ: "ಕತ್ತಲಾಗೋವರೆಗೂ ಮೇಲೆ ಭಾರ ಇರಬೇಕು, ಅಲ್ಲಾಡಬಾರದು. ಆಮೇಲೆ ಆನೆ ಕಟ್ಟಿ ಎಳೆದರೂ ಬರಲ್ಲ."

ಡಬ್ಬಿ ಬರಿದಾಯಿತು. ನಾಲ್ಕೂ ಕಾಲು ಹೇಗೋ ಕೂತವು. ಆದರೆ ಭಾರ ಎಲ್ಲಿಂದ ತರುವುದು? ನೀರಿನ ಕೊಡ ಇಟ್ಟರೆ ಹಲಗೆ ಒಂದು ಕಡೆ ಮೇಲೆದ್ದಿತು. ಅಕ್ಕಿ ಡಬ್ಬ ಇಟ್ಟರೆ ಇನ್ನೊಂದು ಕಡೆ. ಅಳಿಯಂದಿರ ದೃಷ್ಟಿ ನಿಧಾನವಾಗಿ ಗಿರಣಿಯವನ ಕಡೆ ತಿರುಗಿತು. ಅವನ ಮೈಕಟ್ಟೇ ಮೂರು ಮೂಟೆಯಷ್ಟಿತ್ತು.

"ನೀವು ಸ್ವಲ್ಪ ಕೂತ್ಕೋತೀರಾ?"

"ನಾನಾ? ಅಮ್ಮನೋರ ಜಾಗದಲ್ಲಾ?" ಗಿರಣಿಯವನು ಹಿಂದೆ ಸರಿದ.

"ನಿಮ್ಮ ಕಾಲಿಗೆ ಬೀಳ್ತೀನಿ."

ಗಿರಣಿಯವನು ಕಣ್ಣು ಮುಚ್ಚಿ, ಸ್ವರ್ಗದಲ್ಲಿರುವ ಅಮ್ಮನೋರಿಗೆ ಕೈಮುಗಿದು, ಕುಳಿತ. ಇನ್ನೊಂದು ತುದಿಗೆ ದರ್ಜಿ, ನಡುವೆ ನರ್ಸಮ್ಮ. ಬೆಂಚು ನೆಟ್ಟಗಾಯಿತು.

"ಯಾರೂ ಏಳಬೇಡಿ, ಏನೇ ಆದರೂ ಏಳಬೇಡಿ" ಎಂದು ಅಳಿಯಂದಿರು ಅಂಗಲಾಚಿದರು.

ಹೊತ್ತು ಹೋಯಿತು. ಅಳಿಯಂದಿರು ಕಾಫಿ ತಂದರು. ಕಾಫಿಯಾದ ಮೇಲೆ ಗಿರಣಿಯವನಿಗೆ ಹಸಿವಾಯಿತು. ಮಧ್ಯಾಹ್ನದ ಅನ್ನ ಸಾರು ಬೆಂಚಿಗೇ ಬಂತು. ದರ್ಜಿಯ ಕಾಲು ಜೋಮು ಹಿಡಿಯಿತು. ನರ್ಸಮ್ಮ ನಗುವಾಗಲೆಲ್ಲ ಹಲಗೆ ಅಲುಗಿ ಅಳಿಯಂದಿರ ಜೀವ ಬಾಯಿಗೆ ಬರುತ್ತಿತ್ತು. "ನಗಬೇಡಿ ನರ್ಸಮ್ಮ!" "ನಾನೆಲ್ಲಿ ನಕ್ಕೆ? ಇವನು ಗಿರಣಿ ಥರ ಗೊರಕೆ ಹೊಡೀತಾನೆ!"

ಕತ್ತಲಾಗಲು ಇನ್ನೂ ಹೊತ್ತಿತ್ತು. ಆಗ ಮುಂಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಯಾರದೋ ಕಾರು ಸಿಕ್ಕಿ, ಮಾವನೂ ಮಗಳೂ ಬಸ್ಸಿಗಿಂತ ಮೊದಲೇ ಬಂದುಬಿಟ್ಟಿದ್ದರು. ಮಗಳು ಅಡಿಗೆಮನೆಗೆ ಹೋದಳು, ಮಾವ ನೇರ ಹಿತ್ತಿಲಿಗೆ.

ಮೇಷ್ಟ್ರು ಜಗಲಿಗೆ ಬಂದರೆ ಶಿಷ್ಯರು ಏಳಬೇಕು. ದರ್ಜಿಯ ಮಂಡಿ ತಾನಾಗಿಯೇ ಮೇಲೆದ್ದಿತು. ಹಿಂದೆ ನಿಂತ ಅಳಿಯಂದಿರು ಅವನ ಭುಜ ಹಿಡಿದು ಅದುಮಿದರು. ಗಿರಣಿಯವನು ಏಳಲೂ ಆರದೆ ಕೂರಲೂ ಆರದೆ, ತಲೆ ಮಾತ್ರ ಬಗ್ಗಿಸಿ, "ನಮಸ್ಕಾರ ಸಾರ್" ಎಂದ. ಅವನು ಕುಳಿತಿದ್ದದ್ದು ಅತ್ತೆಯ ತುದಿಯಲ್ಲಿ.

ಮಾವ ನಿಂತಲ್ಲೇ ನಿಂತರು. ಅಳಿಯಂದಿರು ತಮಗೆ ತಿಳಿದ ದೇವರುಗಳ ಹೆಸರನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸಿದರು.

"ಕೂತಿದ್ದೀರಾ..." ಎಂದರು ಮಾವ. ಕನ್ನಡಕ ತೆಗೆದು ಒರೆಸಿಕೊಂಡರು. "ಅವಳು ಹೋದ ಮೇಲೆ ಈ ಮನೆಗೆ ಬಂದವರೆಲ್ಲ ನಿಂತೇ ಎರಡು ಮಾತಾಡಿ ಹೋದರು. ಒಬ್ಬರೂ ಕೂರಲಿಲ್ಲ. ನಾನು ಖಾಲಿ ಬಿಟ್ಟಿದ್ದು ಯಾರಾದರೂ ಬಂದು ಕೂತ್ಕೊಳ್ಳಲಿ ಅಂತಲೋ ಏನೋ, ನನಗೇ ಗೊತ್ತಿರಲಿಲ್ಲ. ಸರಿಯೋ ಸ್ವಲ್ಪ."

ದರ್ಜಿ ಸರಿದ. ಮಾವ ಕುಳಿತರು. ಮಾತು ಶುರುವಾಯಿತು, ಅತ್ತೆಯ ಮಾತು, ಅವರ ಕೋಪದ ಮಾತು, ಅವರ ನಗುವಿನ ಮಾತು. ಗಿರಣಿಯವನು ಅತ್ತುಬಿಟ್ಟ, ಮಾವ ನಕ್ಕರು. ಕತ್ತಲಾಯಿತು. ಎಲ್ಲರೂ ಒಬ್ಬೊಬ್ಬರಾಗಿ ಎದ್ದರು. ಬೆಂಚು ಬಂಡೆಯಂತೆ ನಿಂತಿತ್ತು. ಅಳಿಯಂದಿರು ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಆಗ ಬಿಟ್ಟರು.

"ನಾಳೆಯಿಂದ ದಿನಾ ಬರಬೇಕು" ಎಂದರು ಮಾವ. "ಹಿತ್ತಿಲಲ್ಲಿ ಬೇಡ, ಬೆಂಚನ್ನ ಮುಂದಿನ ಜಗಲಿಗೇ ಹಾಕೋಣ, ಬೀದಿಯವರೆಲ್ಲ ಕೂರಲಿ. ಎಲ್ಲಾ ಇದ್ದೀರಲ್ಲ, ಈಗಲೇ ಸಾಗಿಸಿಬಿಡಿ. ಅಳಿಯಂದಿರೇ, ಕಾಲು ಕಳಚಿ."

"ಕಾ... ಕಾಲಾ?"

"ಕಾಲಿಟ್ಟುಕೊಂಡು ನಡುಬಾಗಿಲಿನ ತಿರುವು ದಾಟೋದಿಲ್ಲ. ಅದಕ್ಕೇ ಕಳಚೋ ಹಾಗೆ ಮಾಡಿಸಿದ್ದು. ಜಗಲಿ ತೊಳೆಯುವಾಗಲೆಲ್ಲ ನಿಮ್ಮತ್ತೆ ಒಬ್ಬಳೇ ನಾಲ್ಕೂ ಕಾಲು ಕಳಚಿ, ತೊಳೆದು, ಮತ್ತೆ ಹಾಕೋಳು. ಅದಲು ಬದಲಾಗದಿರಲಿ ಅಂತ ಕಾಲಿನ ತಲೆ ಮೇಲೆ ಗುರುತಿನ ಗೀರು ಬೇರೆ ಹಾಕಿಸಿದ್ದಳು."

ಆ ಗೀರುಗಳು ಬೆಳಿಗ್ಗೆಯೇ ಅಳಿಯಂದಿರ ಉಳಿಯ ಬಾಯಿಗೆ ಹೋಗಿದ್ದವು. ದರ್ಜಿ ಗೋಡೆಯ ಕಡೆ ನೋಡಿದ. ನರ್ಸಮ್ಮನಿಗೆ ಡ್ಯೂಟಿ ನೆನಪಾಯಿತು. ಗಿರಣಿಯವನು ಸದ್ದಿಲ್ಲದೆ ಕತ್ತಲೆಯಲ್ಲಿ ಕರಗಿದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಬೇಗ ಕರಗಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

ಮಾವ ಪ್ರೀತಿಯಿಂದ ಬೆಂಚನ್ನು ಬೋರಲು ಹಾಕಿದರು. ಒಂದು ಕಾಲಿಗೆ ಕೈಯಿಟ್ಟರು.

"ಮರಗೆಲಸ ಕಲಿಯೋರು ಇದನ್ನ ನೋಡಿ ಕಲೀಬೇಕು. ಬಲ ಬೇಡವೇ ಬೇಡ. ಹೂವು ಕೀಳೋ ಹಾಗೆ, ಇಷ್ಟೇ..." ಎಂದು ತಿರುಗಿಸಿದರು.

ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಅಂಗಿಯ ತೋಳು ಮಡಿಸಿ, ಹಲ್ಲು ಕಚ್ಚಿ, ಮತ್ತೊಮ್ಮೆ. ಕೊನೆಗೆ ತಲೆಯೆತ್ತಿ ಅಳಿಯಂದಿರ ಮುಖವನ್ನು ನೋಡಿದರು. ಮಗ್ಗಿ ತಪ್ಪಿದ ಹುಡುಗರನ್ನು ನೋಡುತ್ತಿದ್ದ ಹಳೆಯ ನೋಟ ಅದು.

ಅಳಿಯಂದಿರು ಯಾರೂ ಹೇಳದೆಯೇ ಗೋಡೆಯ ಪಕ್ಕಕ್ಕೆ ಹೋಗಿ ಕೈಕಟ್ಟಿ ನಿಂತುಕೊಂಡರು.