ಎರಡೂ ನೆಗೆಟಿವ್

ನಮ್ಮ ಮಣ್ಣು ಪರೀಕ್ಷಾ ಲ್ಯಾಬಿಗೆ ಶಿಕಾರಿಪುರ, ಸೊರಬ ಎರಡೂ ಕಡೆಯಿಂದ ಮಣ್ಣಿಗಿಂತ ಹೆಚ್ಚಾಗಿ ಬರುವುದು ಬುದ್ಧಿವಾದ. ನಾನು ಇಂಗ್ಲಿಷ್ ಮೀಡಿಯಂ, ಮಾತು ಕಡಿಮೆ. ಹಾಗಾಗಿ ಎದುರಿನವರು ನಿಲ್ಲಿಸುವುದೇ ಇಲ್ಲ. ಈ ಮಳೆಗಾಲವಂತೂ ತೊಗರ್ಸಿ ಕಡೆಯ ಯಜಮಾನರೊಬ್ಬರೇ ಇಡೀ ವರ್ಷಕ್ಕಾಗುವಷ್ಟು ಒದಗಿಸಿದರು.

೧. ಪಾಸಾಗುವ ಮಣ್ಣು

ಗೋವಿನಜೋಳ ಹಳದಿಯಾಗಿದೆಯೆಂದು ಯಜಮಾನರು ಹೆಂಡತಿಯೊಡನೆ ಬಂದು ಒಂದು ಕೈಚೀಲ ಮಣ್ಣು ಮೇಜಿನ ಮೇಲಿಟ್ಟರು. ಕಪ್ಪು ಮಣ್ಣು, ಸಗಣಿ ವಾಸನೆ.

“ಹೊಲದ್ದೇನಾ?”

“ತಿಪ್ಪೆ ಬುಡದ್ದು ರೀ. ಹೊಲದ್ದು ಬರೀ ಮರಳು, ಫೇಲ್ ಆಗ್ತಿತ್ತು.”

ಹೆಂಡತಿ ಮೆಲ್ಲಗೆ ಹೇಳಿದರು: “ನನ್ನ ನೋಡಾಕ ಬಂದಾಗ್ಲೂ ಹಿಂಗೇ. ಬ್ಯಾರೆಯವರ ಬೈಕ್ ತಂದಿದ್ರು.”

೨. ರೋಗವಿಲ್ಲದ ಹೊಲ

ಮಣ್ಣು ನಾನೇ ತರೋಣವೆಂದು ಹೋದೆ. ಇಳಿಜಾರು ಹೊಲ, ಅದರ ಬುಡದಲ್ಲೇ ಬಾವಿ. “ಮೊಮ್ಮಗಳಿಗೆ ಹಾಲಿನ ಪುಡಿ ಕಲಸೋದು ಇದೇ ನೀರಾಗ. ಇದನ್ನೂ ನೋಡ್ರಿ” ಎಂದರು ಹೆಂಡತಿ.

ಯಜಮಾನರು ಯೂರಿಯಾವನ್ನೆಲ್ಲ ಒಂದೇ ಸಲ, ದೊಡ್ಡ ಮಳೆಗೆ ಮುಂಚೆ ಸುರಿಯುವವರು. “ಮಳೆ ಒಳಗ ಇಳಿಸ್ತೈತಿ.” ಇಳಿಸುತ್ತದೆ, ಬಾವಿಯ ತನಕ.

ಧೈರ್ಯ ಮಾಡಿ ವಿವರಿಸಿದೆ: “ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ. ಮಣ್ಣಿನ ಕಣದ ಚಾರ್ಜ್ ನೆಗೆಟಿವ್, ನೈಟ್ರೇಟಿಂದೂ ನೆಗೆಟಿವ್. ಅದಕ್ಕೇ ಮಣ್ಣು ಅದನ್ನ ಹಿಡಿದುಕೊಳ್ಳಲ್ಲ. ಬೇರು ಹೀರದೇ ಉಳಿದದ್ದು ನೀರಿನ ಜೊತೆ ಕೆಳಗಿಳಿಯುತ್ತೆ. ಲ್ಯಾಬಿಗೆ ತಂದ ಆ ತಿಪ್ಪೆ ಗೊಬ್ಬರ ಹೊಲಕ್ಕೆ ಹಾಕಿ. ಯೂರಿಯಾ ಸ್ವಲ್ಪ ಸ್ವಲ್ಪವೇ ಕೊಡಿ.”

ಯಜಮಾನರು ಹೆಂಡತಿಯತ್ತ ತಿರುಗಿ ಎದೆಯುಬ್ಬಿಸಿದರು. “ಕೇಳಿದೇನ? ಕೊರೊನಾದಾಗ ನಾವಿಬ್ರೂ ನೆಗೆಟಿವ್ ಬಂದಿದ್ವಲ್ಲ, ಹಂಗ. ಹೊಲಕ್ಕೇನೂ ರೋಗ ಇಲ್ಲ!”

ನನ್ನ ಇಷ್ಟು ವರ್ಷದ ಇಂಗ್ಲಿಷ್ ಮೀಡಿಯಂ ಅದೇ ಬಾವಿಗೆ ಬಿತ್ತು.

೩. ಶಕ್ತಿಯ ನೀರು

ನೀರಿನ ರಿಪೋರ್ಟ್ ಬಂತು. ನೈಟ್ರೇಟ್ ಮಿತಿ ಮೀರಿತ್ತು. “ಮಗುವಿಗೆ ಈ ನೀರು ಬೇಡವೇ ಬೇಡ. ಕುದಿಸಿದರೂ ಹೋಗಲ್ಲ” ಎಂದೆ.

ಯಜಮಾನರು ಕಾಗದವನ್ನು ಮಾರ್ಕ್ಸ್ ಕಾರ್ಡಿನಂತೆ ಹಿಡಿದು ನಕ್ಕರು. “ಮಿತಿ ಮೀರೈತಿ ಅಂದ್ರ, ನಮ್ಮ ನೀರಿಗೆ ಅಷ್ಟು ಶಕ್ತಿ ಐತಿ ಅಂತ!”

ಹೆಂಡತಿ ಕಾಗದ ಕಿತ್ತುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. “ಇಷ್ಟು ವರ್ಷ ಯೂರಿಯಾ ನಾವು ಕುಡಿದ್ವಿ, ಜೋಳ ಉಪವಾಸ ಮಾಡ್ತು. ಇವತ್ತಿನಿಂದ ಮೊಮ್ಮಗಳಿಗೆ ಊರ ನಲ್ಲಿ ನೀರು. ಬಾವಿ ನೀರು ಜೋಳಕ್ಕ. ಮತ್ತ ನಿಮಗ.”

“ನನಗ್ಯಾಕ?”

“ಶಕ್ತಿ ಐತಲ್ರಿ!”