ಶೀನಪ್ಪ ಗೆದ್ದ ಬಸ್‌ಸ್ಟ್ಯಾಂಡ್

ಪುಂಜಾಲಕಟ್ಟೆಯ ಹೊಸ ಅಗಲ ರಸ್ತೆಯ ಬದಿಗೆ ಜಲ್ಲಿಪುಡಿ ಹರಡುವವರು ಹಿಂದಿನ ದಿನ ಸ್ವಲ್ಪ ಹೆಚ್ಚೇ ಉತ್ಸಾಹದಿಂದ ಕೆಲಸ ಮಾಡಿದ್ದರು. ಹಾಗಾಗಿ ಬಸ್ ತಂಗುದಾಣ ಎಲ್ಲಿ ಬರಬೇಕು ಎಂದು ಇಲಾಖೆಯವರು ಸುಣ್ಣದಲ್ಲಿ ಎಳೆದು ಹೋಗಿದ್ದ ಗೆರೆ ಜಲ್ಲಿಯ ಅಡಿಗೆ ಹೋಯಿತು. ಬೆಳಿಗ್ಗೆ ತಂಗುದಾಣವನ್ನೇ ಹೊತ್ತುಕೊಂಡು ದೊಡ್ಡ ಟ್ರೈಲರ್ ಲಾರಿಯೊಂದು ಬಂತು. ಅದರ ಹಿಂದೆ ಕ್ರೇನು ಬಂತು. ಕ್ರೇನಿನವನು ರಸ್ತೆಬದಿ ಹುಡುಕಿ ಹುಡುಕಿ, ಕೊನೆಗೆ ಎದುರಿಗೆ ಕಂಡ ಹೋಟೆಲಿನ ಬಾಗಿಲಲ್ಲಿ ನಿಂತು ಕೇಳಿದ.

"ಯಜಮಾನ್ರೆ, ಇದನ್ನ ಎಲ್ಲಿ ಇಳಸೋದ್ರೀ?"

ಕೇಳಿದ್ದು ಶೀನಪ್ಪನನ್ನು.

ಹೋಟೆಲ್ ಸಮೃದ್ಧಿಯ ಶೀನಪ್ಪನಿಗೆ ಆ ಪ್ರಶ್ನೆ ದೇವರೇ ಕೇಳಿದ ಹಾಗೆ ಕೇಳಿಸಿತು. ರಸ್ತೆ ಅಗಲ ಮಾಡಲು ಹಳೆಯ ಬಸ್‌ಸ್ಟ್ಯಾಂಡನ್ನು ಕೆಡವಿದ ಮೇಲೆ ಬಸ್ಸುಗಳು ಡ್ರೈವರಿಗೆ ಮನಸ್ಸು ಬಂದಲ್ಲಿ ನಿಲ್ಲುತ್ತಿದ್ದವು. ಬಸ್ಸು ನಿಂತಲ್ಲಿ ಜನ, ಜನ ನಿಂತಲ್ಲಿ ಚಾ. ಮೊದಲು ಬೆಳಗಿನ ಹೊತ್ತು ಕುಳಿತುಕೊಳ್ಳಲು ಜಾಗವಿಲ್ಲದಿದ್ದ ಅವನ ಹೋಟೆಲಿನಲ್ಲಿ ಈಗ ನೊಣಗಳಿಗೂ ಬೇಸರ ಬಂದು ಅವು ಬೇರೆ ಕಡೆ ಹೋಗಿದ್ದವು. ಅಡಿಗೆಭಟ್ಟಿಯ ಚಿದಾನಂದ ಗೋಳಿಬಜೆಯ ಹಿಟ್ಟನ್ನು ದಿನದಿಂದ ದಿನಕ್ಕೆ ಸಣ್ಣ ಪಾತ್ರೆಯಲ್ಲಿ ಕಲಸುತ್ತ ಬಂದಿದ್ದ. ಹೀಗೇ ಹೋದರೆ ಇನ್ನು ಲೋಟದಲ್ಲಿ ಕಲಸಬೇಕಾಗುತ್ತದೆ ಎಂದು ನಿನ್ನೆಯಷ್ಟೇ ಹೇಳಿದ್ದ.

"ಇಲ್ಲೇ," ಎಂದ ಶೀನಪ್ಪ ತನ್ನ ಹೋಟೆಲಿನ ಎದುರಿನ ನೆಲಕ್ಕೆ ಕಾಲಿನಿಂದ ಗುರುತು ಹಾಕುತ್ತ. "ಸುಣ್ಣ ಇಲ್ಲೇ ಇತ್ತು. ನಾನೇ ಕಣ್ಣಾರೆ ಕಂಡಿದ್ದೇನೆ."

"ನಿನ್ನ ಕಣ್ಣಿಗೆ ಪೊರೆ ಬಂದಿದೆಯಾ ಮಾರಾಯ?" ಎಂದು ಪಕ್ಕದಿಂದ ಸ್ವರ ಬಂತು. ಅದೇ ಸಾಲಿನಲ್ಲಿ ಸ್ವಲ್ಪ ಮುಂದೆ ಕೊಡೆ, ಚಪ್ಪಲಿ ಮಾರುವ, ಊರೆಲ್ಲ ಕುಂಞಿಯಾಕ ಎಂದೇ ಕರೆಯುವ ಮಹಮ್ಮದ್ ಕುಂಞಿ ಹೊರಗೆ ಬಂದಿದ್ದರು. "ಸುಣ್ಣ ಇದ್ದದ್ದು ನನ್ನ ಅಂಗಡಿಯ ಎದುರು. ಅದರ ಮೇಲೆ ನಿಂತೇ ನಾನು ದಿನಾ ಶಟರ್ ಎಳಿತಿದ್ದೆ."

"ಅದು ಸುಣ್ಣ ಅಲ್ಲ ಕುಂಞಿಯಾಕ, ಕಾಗೆ ಗಲೀಜು ಮಾಡಿದ್ದು!"

ಕ್ರೇನಿನವನು ಇಬ್ಬರ ಮುಖವನ್ನೂ ನೋಡಿ ಎಂಜಿನಿಯರಿಗೆ ಫೋನು ಮಾಡಿದ. ದೀಕ್ಷಿತಾ ಮೇಡಂ ಬೆಳ್ತಂಗಡಿಯಲ್ಲಿ ಮೀಟಿಂಗಿನಲ್ಲಿದ್ದರು. ತಾನು ಬರುವ ತನಕ ಒಂದು ಬೋಲ್ಟನ್ನೂ ಮುಟ್ಟಬಾರದು, ಜನ ಎಲ್ಲಿ ನಿಲ್ಲುತ್ತಾರೆ ಎಂದು ಕಣ್ಣಿನಿಂದ ನೋಡಿಯೇ ತೀರ್ಮಾನ ಮಾಡುತ್ತೇನೆ ಎಂದು ಹೇಳಿ ಫೋನು ಇಟ್ಟರು.

ಶೀನಪ್ಪ ಪಂಚೆ ಎತ್ತಿ ಕಟ್ಟಿದ. ಇವತ್ತು ಈ ಬಸ್‌ಸ್ಟ್ಯಾಂಡ್ ತನ್ನ ಎದುರು ಬರಲೇಬೇಕು, ಬಾರದಿದ್ದರೆ ನಾಳೆ ಹೋಟೆಲಿನ ಬಾಗಿಲು ತೆಗೆದು ಪ್ರಯೋಜನವಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ.

ಆಗಲೇ ಅದೇ ಕಟ್ಟಡದ ಮಾಳಿಗೆಯ ಟೈಲರ್ ಶಶಿಪ್ರಭಾ ಕುತ್ತಿಗೆಯಲ್ಲಿ ಅಳತೆಟೇಪು ನೇತಾಡಿಸಿಕೊಂಡು ಇಳಿದು ಬಂದಳು. ಊರಿನ ಮಹಿಳಾ ಸಂಘಕ್ಕೆ ಅವಳೇ ಅಧ್ಯಕ್ಷೆ. ಯಾರ ಮನೆಯ ಕೆಲಸವಾದರೂ ತನ್ನದೇ ಎಂದು ನುಗ್ಗುವ ಹೆಂಗಸು.

"ಶೀನಣ್ಣ, ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ಮೇಡಂ ಬರುವಾಗ ಇಲ್ಲಿ ಜನ ನಿಂತಿರ್ಬೇಕು. ಕೈಯಲ್ಲಿ ಬ್ಯಾಗ್ ಇರ್ಬೇಕು."

"ಬಸ್ಸೇ ನಿಲ್ಲುದಿಲ್ಲ, ಜನ ಎಲ್ಲಿಂದ ತರುದು ಶಶಿಯಕ್ಕ?"

"ಚಾ ಕೊಡಿ. ಬರ್ತಾರೆ. ನಮ್ಮ ಸಂಘದವರನ್ನು ನಾನು ಕರ್ಕೊಂಡು ಬರ್ತೇನೆ."

ಶೀನಪ್ಪನ ಕಣ್ಣು ಒದ್ದೆಯಾಯಿತು. ಸ್ವಂತ ತಂಗಿಯೂ ಇಷ್ಟು ಮಾಡಲಿಕ್ಕಿಲ್ಲ.

ಬ್ಯಾಗು ಹಿಡಿದು ಹೋಟೆಲಿನ ಎದುರು ನಿಂತವರಿಗೆ ಚಾ ಮತ್ತು ಗೋಳಿಬಜೆ ಫ್ರೀ ಎಂಬ ಸುದ್ದಿ ಪೇಟೆಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರಿಕ್ಷಾದವರು ಬಂದರು. ಗ್ಯಾರೇಜಿನವರು ಸ್ಪ್ಯಾನರಿನ ಚೀಲ ಹಿಡಿದು ಬಂದರು. ಸೊಸೈಟಿಗೆ ಬಂದವರು ಅಕ್ಕಿಯ ಗೋಣಿ ಸಮೇತ ನಿಂತರು. ಮಹಿಳಾ ಸಂಘದ ಹೆಂಗಸರು ನೆಂಟರ ಮನೆಗೆ ಹೊರಟವರ ಹಾಗೆ ತಲೆಗೆ ಹೂ ಮುಡಿದೇ ಬಂದರು. ಜನ ಇನ್ನೂ ಸಾಲದು ಎನಿಸಿ ಶೀನಪ್ಪ ಚಿದಾನಂದನ ಕೈಗೂ ಒಂದು ಸೂಟ್‌ಕೇಸ್ ಕೊಟ್ಟು ಎದುರಿನ ಸಾಲಿಗೆ ನಿಲ್ಲಿಸಿದ.

"ಬಾಣಲೆಯಲ್ಲಿ ಎಣ್ಣೆ ಉಂಟು ಅಣ್ಣ," ಎಂದ ಚಿದಾನಂದ.

"ಎಣ್ಣೆ ಎಲ್ಲಿಗೂ ಓಡಿ ಹೋಗುದಿಲ್ಲ. ನೀನು ಊರಿಗೆ ಹೋಗುವವನ ಹಾಗೆ ಮುಖ ಮಾಡು."

ಕುಂಞಿಯಾಕ ಸುಮ್ಮನೆ ಕೂರುವ ಜನ ಅಲ್ಲ. ಅಂಗಡಿಯ ಎದುರು ಬಣ್ಣ ಬಣ್ಣದ ಕೊಡೆಗಳನ್ನು ಬಿಡಿಸಿ ನೆರಳು ಮಾಡಿದರು, ಕುರ್ಚಿ ಹಾಕಿದರು, ಕಲ್ಲಂಗಡಿ ಜ್ಯೂಸು ತರಿಸಿದರು. ಚಾ ಕುಡಿದು ಬೆವರಿದ ಪ್ರಯಾಣಿಕರು ಬ್ಯಾಗು ಎತ್ತಿಕೊಂಡು ಅತ್ತ ಹೋದರು. ಶೀನಪ್ಪ ಬಿಸಿ ಬನ್ಸ್ ತಂದಿಟ್ಟ. ಎಲ್ಲ ಇತ್ತ ಬಂದರು. ಕುಂಞಿಯಾಕ ಟೇಬಲ್ ಫ್ಯಾನ್ ಹೊರಗಿಟ್ಟರು, ಮತ್ತೆ ಅತ್ತ. ಅಕ್ಕಿಗೋಣಿಯ ಮುದುಕನೊಬ್ಬ ಅತ್ತಿತ್ತ ಓಡಿ ಸುಸ್ತಾಗಿ, ಕಂಬಳದ ಕೋಣದ ಹಾಗೆ ನಡುವಿನಲ್ಲೇ ಏದುಸಿರು ಬಿಡುತ್ತ ನಿಂತುಬಿಟ್ಟ.

ಅಷ್ಟು ಹೊತ್ತಿಗೆ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸು ಬಂತು. ಜನರ ರಾಶಿ ಕಂಡು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಂಡಕ್ಟರ್ ಜಿಗಿದು ಇಳಿದ.

"ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ! ಹತ್ತಿ, ಹತ್ತಿ!"

ಯಾರೂ ಕದಲಲಿಲ್ಲ. ಒಬ್ಬ ನಿಧಾನಕ್ಕೆ ಬನ್ಸ್ ಜಗಿಯುತ್ತಿದ್ದ.

"ಎಂಥ ನೋಡ್ತೀರಿ? ಬಸ್ ಕಾಣ್ಲಿಲ್ವಾ ನೀವು ಹುಟ್ಟಿದ ಮೇಲೆ?" ಕಂಡಕ್ಟರಿಗೆ ಕೋಪ ಬಂತು. ಎಲ್ಲರಿಗಿಂತ ಮುಂದೆ, ಊರಿಗೆ ಹೋಗುವ ಮುಖ ಮಾಡಿಕೊಂಡು ಸೂಟ್‌ಕೇಸ್ ಹಿಡಿದು ನಿಂತಿದ್ದ ಚಿದಾನಂದ ಅವನ ಕಣ್ಣಿಗೆ ಬಿದ್ದ. ರಟ್ಟೆ ಹಿಡಿದು ಮೇಲಕ್ಕೆ ಎಳೆದ, ಸೀಟಿ ಊದಿದ, ಬಸ್ಸು ಹೊರಟಿತು. ಕಿಟಕಿಯಿಂದ ಚಿದಾನಂದನ ಕೈಯೊಂದು ಸ್ವಲ್ಪ ದೂರದ ತನಕ ಅಲ್ಲಾಡುತ್ತಿತ್ತು. ಸಂಘದ ಹೆಂಗಸೊಬ್ಬಳು ಅಭ್ಯಾಸಬಲದಿಂದ ಟಾಟಾ ಮಾಡಿದಳು.

ಶೀನಪ್ಪ ಒಳಗೆ ಓಡಿದ. ಬಾಣಲೆಯಿಂದ ಹೊಗೆ ಏಳುತ್ತಿತ್ತು. ಹೋಟೆಲಿಗೆ ಯಜಮಾನನಾದ ಮೇಲೆ ಅವನು ಸೌಟು ಹಿಡಿದದ್ದೇ ಇಲ್ಲ. ಅವನು ಬಿಟ್ಟ ಗೋಳಿಬಜೆಗಳು ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು, ನೆಲಕ್ಕೆ ಬಿದ್ದರೆ ಪುಟಿಯುವಂಥವು. ಕೈಯ ಮೇಲೆ ಎಣ್ಣೆ ಸಿಡಿಯಿತು. ಆದರೂ ಅವನು ಒಲೆ ಬಿಡಲಿಲ್ಲ. ಮಡಂತ್ಯಾರಿನಿಂದ ಚಿದಾನಂದನ ಫೋನು ಬಂತು.

"ಅಣ್ಣ, ಬಸ್ಸಿಂದ ಇಳಿಸಿದ್ರು. ಸೂಟ್‌ಕೇಸ್ ಖಾಲಿ ಉಂಟು ಅಂತ ಗೊತ್ತಾಗಿ ಎಲ್ರೂ ನನ್ನನ್ನು ಕಳ್ಳನ ಹಾಗೆ ನೋಡ್ತಾ ಇದ್ದಾರೆ."

"ರಿಕ್ಷಾ ಮಾಡಿ ಬಾ."

"ರಿಕ್ಷಾದವರೆಲ್ಲ ಪುಂಜಾಲಕಟ್ಟೆಯಲ್ಲಿ ಫ್ರೀ ಚಾ ಕುಡಿಲಿಕ್ಕೆ ಹೋಗಿದ್ದಾರಂತೆ."

ಶೀನಪ್ಪ ಫೋನು ಜೇಬಿಗೆ ಹಾಕಿಕೊಂಡು ಮತ್ತೆ ಸೌಟು ಹಿಡಿದ.

ಮಧ್ಯಾಹ್ನ ಕಳೆದು, ಚಿದಾನಂದನೂ ಯಾರದ್ದೋ ಬೈಕಿನಲ್ಲಿ ಬಂದು ಸೌಟು ಹಿಡಿದ ಮೇಲೆ ಎಂಜಿನಿಯರ್ ಬಂದರು. ದೀಕ್ಷಿತಾ ಚಿಕ್ಕ ಪ್ರಾಯದವರು, ತಲೆಗೆ ಹಳದಿ ಹೆಲ್ಮೆಟ್. ಅವರು ಜೀಪಿನಿಂದ ಇಳಿಯುವಾಗ ಚಿದಾನಂದನ ಗೋಳಿಬಜೆಯ ಬಿಸಿ ಬಿಸಿ ಎರಡನೇ ಬಾಣಲೆ ಇಳಿದಿತ್ತು. ಹಾಗಾಗಿ ಜನರೆಲ್ಲ ಶೀನಪ್ಪನ ಕಡೆ ಇದ್ದರು. ದೇವರ ದಯೆಯಿಂದ ಅದೇ ಹೊತ್ತಿಗೆ ಬಂದ ಇನ್ನೊಂದು ಬಸ್ಸು ಗುಂಪು ಕಂಡು ಅಲ್ಲೇ ನಿಂತಿತು.

"ನೋಡಿ ಮೇಡಂ," ಎಂದ ಶೀನಪ್ಪ, ಸುಟ್ಟ ಕೈಯನ್ನು ಬೆನ್ನ ಹಿಂದೆ ಅಡಗಿಸಿ. "ದಿನಾ ಹೀಗೇ."

ದೀಕ್ಷಿತಾ ಅತ್ತ ಇತ್ತ ನೋಡಿದರು. "ಇಲ್ಲಿ ಇಟ್ಟರೆ ನಿಮ್ಮ ಹೋಟೆಲಿನ ಮುಂಭಾಗ ಮುಚ್ಚಿ ಹೋಗ್ತದಲ್ಲ?"

"ಹೋಗ್ಲಿ ಮೇಡಂ. ಬಸ್ಸಿಂದ ಇಳಿದವರಿಗೆ ಹೊಟ್ಟೆಯೇ ದಾರಿ ತೋರಿಸ್ತದೆ."

"ನೀರಿನ ಲೈನ್ ಉಂಟಾ ಹತ್ತಿರ?"

"ನನ್ನದೇ ನಲ್ಲಿ ಉಂಟು. ಎಷ್ಟು ಬೇಕಾದ್ರೂ ತಕೊಳ್ಳಿ."

"ಕೊಳಕು ನೀರು ಹೋಗ್ಲಿಕ್ಕೆ?"

"ನನ್ನ ಚರಂಡಿ ಉಂಟು."

ಕುಂಞಿಯಾಕನ ಹುಬ್ಬು ಗಂಟಾಯಿತು. "ಅಲ್ಲ ಮೇಡಂ, ಬಸ್‌ಸ್ಟ್ಯಾಂಡಿಗೆ ನೀರು, ಚರಂಡಿ ಎಲ್ಲ ಎಂಥಕ್ಕೆ?"

"ಅದು ಏನಂದ್ರೆ, ಇದು ಹೊಸ ನಮೂನೆಯ..." ದೀಕ್ಷಿತಾ ಶುರು ಮಾಡಿದರು.

ಗೆಲುವು ಬಾಯಿಯ ತನಕ ಬಂದಿದೆ, ಈ ಮನುಷ್ಯ ಮಾತು ಬೆಳೆಸಿ ಎಲ್ಲ ಹಾಳುಮಾಡುತ್ತಾನೆ ಎಂದು ಶೀನಪ್ಪನಿಗೆ ಕಂಡಿತು. "ಸರ್ಕಾರದವರಿಗೆ ಬುದ್ಧಿ ಇಲ್ವಾ ಕುಂಞಿಯಾಕ? ಬೇಕು ಅಂತ ಆದ್ರೆ ಬೇಕು! ಮೇಡಂ, ನೀವು ಅವರ ಮಾತು ಕೇಳ್ಬೇಡಿ. ಎಂಥ ಬೇಕಾದ್ರೂ ನಾನು ಕೊಡ್ತೇನೆ. ಇಷ್ಟು ಜನ ಸಾಕ್ಷಿ."

"ಇಂಥ ಸಹಕಾರ ನಾನು ಎಲ್ಲಿಯೂ ಕಾಣ್ಲಿಲ್ಲ," ಎಂದರು ದೀಕ್ಷಿತಾ ಮನತುಂಬಿ. "ಇಲ್ಲೇ ಇಳಿಸಿ."

ಶಶಿಪ್ರಭಾ ಚಪ್ಪಾಳೆ ತಟ್ಟಿದಳು. ಸಂಘದ ಹೆಂಗಸರೆಲ್ಲ ತಟ್ಟಿದರು. ಕ್ರೇನು ನೀಲಿ ಟಾರ್ಪಾಲು ಸುತ್ತಿದ ಆ ದೊಡ್ಡ ಗಂಟನ್ನು ಎತ್ತಿ, ತೂಗಿ, ಹೋಟೆಲಿನ ಬಾಗಿಲಿಗೆ ಅಡ್ಡವಾಗಿ ಇಳಿಸಿತು. ಕೆಲಸದವರು ನೆಲ ಕೊರೆದು ಬೋಲ್ಟು ಬಿಗಿದು ಬುಡಕ್ಕೆ ಕಾಂಕ್ರೀಟು ಸುರಿದರು. ಪ್ರತಿಯೊಂದು ಬೋಲ್ಟು ಬಿಗಿಯುವಾಗಲೂ ಶೀನಪ್ಪ ಬಗ್ಗಿ ನೋಡಿ, "ಇನ್ನೊಂದು ಸುತ್ತು ತಿರುಗಿಸಿ, ಮತ್ತೆ ಯಾರೂ ತೆಗಿಲಿಕ್ಕೆ ಆಗ್ಬಾರ್ದು," ಎಂದು ಹೇಳಿ ತಿರುಗಿಸಿದ.

ಟಾರ್ಪಾಲು ಬಿಚ್ಚಿದರು.

ಒಂದು ಬದಿಗೆ ಹೊಳೆಯುವ ಸ್ಟೀಲ್ ಬೆಂಚು. ಇನ್ನೊಂದು ಬದಿಗೆ ಒಂದು ಪುಟ್ಟ ಕೋಣೆ. ಅದಕ್ಕೆ ಗ್ರಾನೈಟ್ ಕಟ್ಟೆ, ಸಿಂಕು, ಒಲೆ ಇಡುವ ಜಾಗ, ಗಾಜಿನ ಕಪಾಟು. ಮೇಲೆ ದೊಡ್ಡ ಅಕ್ಷರದ ಬೋರ್ಡು: 'ಮಹಿಳಾ ಸಂಘದ ಚಾ-ತಿಂಡಿ ಮಳಿಗೆ.'

ಶೀನಪ್ಪ ಬೋರ್ಡನ್ನು ಒಮ್ಮೆ ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ.

"ಇದು ಎಂಥ ಶಶಿಯಕ್ಕ?"

"ನಮ್ಮ ಸಂಘಕ್ಕೆ ಸಿಕ್ಕಿದ್ದಲ್ವಾ ಶೀನಣ್ಣ! ಎಲ್ಲ ಹೊಸ ಬಸ್‌ಸ್ಟ್ಯಾಂಡಿಗೂ ಒಂದೊಂದು ಮಳಿಗೆ ಉಂಟು."

"ನೀನು ಹೇಳ್ಲಿಲ್ಲ?"

ಶಶಿಪ್ರಭಾಳ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. "ಪೇಟೆಗೆಲ್ಲ ಗೊತ್ತುಂಟಲ್ಲ! ನಿಮಗೂ ಗೊತ್ತುಂಟು ಅಂತ ಗ್ರಹಿಸಿದೆ. ಸ್ವಂತ ಹೋಟೆಲ್ ಇಟ್ಕೊಂಡು ನಮಗೋಸ್ಕರ ಇಷ್ಟು ಹೋರಾಡ್ತಾ ಇದ್ದಾರಲ್ಲ, ನಲ್ಲಿಯನ್ನೂ ಕೊಟ್ರಲ್ಲ ಅಂತ ನಮ್ಮವರೆಲ್ಲ ಬೆಳಿಗ್ಗೆಯಿಂದ ನಿಮ್ಮನ್ನೇ ಹೊಗಳುದು."

ಸಂಘದ ಹೆಂಗಸರು ಕೃತಜ್ಞತೆಯಿಂದ ತಲೆ ಅಲ್ಲಾಡಿಸಿದರು.

ಶೀನಪ್ಪ ದೀಕ್ಷಿತಾರತ್ತ ತಿರುಗಿದ. "ಮೇಡಂ, ಕುಂಞಿಯಾಕನ ಅಂಗಡಿ ಹತ್ತಿರ ನೆರಳು ಒಳ್ಳೆದುಂಟು. ಸ್ವಲ್ಪ ಅತ್ತ ಜರುಗಿಸುವನಾ?"

"ಇನ್ನು ಆಗ್ಲಿಕ್ಕಿಲ್ಲ. ನೀವೇ ಇನ್ನೊಂದು ಸುತ್ತು ತಿರುಗಿಸಿದ್ರಿ."

ಕುಂಞಿಯಾಕ ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ನಾನು ಕೇಳ್ಲಿಕ್ಕೆ ಹೊರಟೆ ಮಾರಾಯ. ನೀನು ಬಿಡ್ಲಿಲ್ಲ."

ಸಂಜೆಯ ಹೊತ್ತಿಗೆ ಸಂಘದವರು ಒಲೆ ತಂದು, ಶೀನಪ್ಪನ ನಲ್ಲಿಯ ನೀರಿನಲ್ಲಿ ಮೊದಲ ಚಾ ಇಟ್ಟೇಬಿಟ್ಟರು. ಬೆಳಿಗ್ಗೆಯಿಂದ ಶೀನಪ್ಪನ ಖರ್ಚಿನಲ್ಲಿ ತಿಂದವರೆಲ್ಲ ಈಗ ಆ ಮಳಿಗೆಯ ಎದುರು ಸಾಲು ನಿಂತರು. ತಂಗುದಾಣದ ಬೆನ್ನಿನ ಹಿಂದೆ, ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಸಂದಿಯ ಆಚೆ, ಹೋಟೆಲ್ ಸಮೃದ್ಧಿ ಕತ್ತಲಾಗಿ ಕುಳಿತಿತ್ತು.

ಆದರೂ ಶೀನಪ್ಪ ಸೋಲು ಒಪ್ಪಲಿಲ್ಲ. ಒಬ್ಬನಾದರೂ ಇವತ್ತು ತನ್ನ ಹೋಟೆಲಿನ ಬೆಂಚಿನಲ್ಲಿ ಕೂರಬೇಕು ಎಂದು ಹಟ ಹಿಡಿದು ತಂಗುದಾಣದಲ್ಲಿ ಕಾದ. ರಿಕ್ಷಾದಿಂದ ಇಳಿದ ಪರವೂರಿನ ವೃದ್ಧರೊಬ್ಬರು ಸಂಘದ ಚಾ ಕುಡಿದು, ಬಾಯಿ ಒರೆಸಿ, "ಚಾ ಲಾಯ್ಕುಂಟು," ಎಂದರು. "ಇಲ್ಲಿ ಮೊದಲು ಒಂದು ಹೋಟೆಲ್ ಇತ್ತಲ್ಲ. ಮುಚ್ಚಿದ್ರಾ?"

"ಮುಚ್ಚಿಲ್ಲ!" ಶೀನಪ್ಪ ಅವರ ಕೈ ಹಿಡಿದ. "ಹಿಂದೆ ಉಂಟು. ಬನ್ನಿ, ನೀರು ದೋಸೆ ಉಂಟು, ಬಿಸಿ ಉಂಟು."

"ನನಗೆ ಬೆಳ್ತಂಗಡಿ ಬಸ್ಸು..."

"ಬಸ್ಸು ಎಲ್ಲಿಗೆ ಹೋಗ್ತದೆ? ಬಾಗಿಲಲ್ಲೇ ನಿಲ್ತದೆ."

ಸಂದಿಯಲ್ಲಿ ವೃದ್ಧರನ್ನು ಓರೆಯಾಗಿ ಎಳೆದು, ಬೆಂಚಿನಲ್ಲಿ ಕೂರಿಸಿ, ಬಾಳೆಲೆ ಹಾಸಿದ. ಚಿದಾನಂದ ಕಾವಲಿಗೆ ಹಿಟ್ಟು ಹೊಯ್ದನಷ್ಟೆ, ಹೊರಗೆ ಹಾರ್ನು ಕೇಳಿತು. ವೃದ್ಧರು ಎದ್ದು ಓಡಿದರು. ಸಂದಿಯಲ್ಲಿ ಅವರ ಕೊಡೆ ಅಡ್ಡ ಸಿಕ್ಕಿಕೊಂಡಿತು. ಶೀನಪ್ಪ ಹಿಂದಿನಿಂದ ದೂಡಿದ. ಇಬ್ಬರೂ ಹೊರಗೆ ಬಂದು ಬಿದ್ದಾಗ ಬಸ್ಸಿನ ಹಿಂಬದಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು.

ವೃದ್ಧರು ಸಿಟ್ಟು ಮಾಡಲಿಲ್ಲ. ಸಮಾಧಾನದಿಂದ ಸ್ಟೀಲ್ ಬೆಂಚಿನಲ್ಲಿ ಕುಳಿತರು.

"ಇನ್ನು ಮುಂದಿನ ಬಸ್ಸಿಗೆ ಕಾಯುದಲ್ವಾ," ಎಂದು ಮಳಿಗೆಯತ್ತ ತಿರುಗಿದರು. "ಅಕ್ಕಾ, ಇನ್ನೊಂದು ಚಾ ಕೊಡಿ."

ಊರಿಗೆಲ್ಲ ಚಾ ಹಂಚಿದ ಶೀನಪ್ಪ ಬೆಳಿಗ್ಗೆಯಿಂದ ಒಂದು ಗುಟುಕನ್ನೂ ಕುಡಿದಿರಲಿಲ್ಲ. ಅವನು ಪಂಚೆಯ ಧೂಳು ಕೊಡವಿ ವೃದ್ಧರ ಪಕ್ಕದಲ್ಲಿ ಕುಳಿತ.

"ಎರಡು ಮಾಡು ಶಶಿಯಕ್ಕ," ಎಂದ.