ನನಗಿಂತ ಮೊದಲೇ ನಾನಾಗಿ ಮತ ಹಾಕಿದ ಮಹನೀಯರಿಗೆ

ವಡೋದರಾ, ಮಾರ್ಚ್ ೧೯೬೭

ನನ್ನ ಹೆಸರಿನಲ್ಲಿ ಮತ ಹಾಕಿ ಹೋದ ಮಾನ್ಯರೇ,

ತಮಗೂ, ಮಸಿ ಹಚ್ಚಿಸಿಕೊಂಡು ದಣಿದಿರುವ ತಮ್ಮ ಎಡಗೈ ತೋರುಬೆರಳಿಗೂ ನಮಸ್ಕಾರಗಳು. ತಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನದು ಮಾತ್ರ ಅಪ್ಪನ ಹೆಸರಿನ ಸಮೇತ ತಮಗೆ ಬಾಯಿಪಾಠ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ದೋಸೆ ಕಾವಲಿ ಹಿಡಿದವನು, ಮಾತು ಒರಟು. ಕ್ಷಮಿಸಬೇಕು, ಕ್ಷಮಿಸದಿದ್ದರೂ ಅಡ್ಡಿಯಿಲ್ಲ.

ಚುನಾವಣೆಯ ದಿನ ನನ್ನ ಹೋಟೆಲಿನಲ್ಲಿ ಗಿರಾಕಿಗಳಿಗೆ ಮಧ್ಯಾಹ್ನದ ಊಟ ಬಡಿಸಿ ಮುಗಿಸಿ, ಇಸ್ತ್ರಿಯ ಅಂಗಿ ತೊಟ್ಟು, ಮದುಮಗನ ಹಾಗೆ ಹೊರಟಿರಲ್ಲ ಎಂದು ಹೆಂಡತಿ ನಾಗವೇಣಿಯಿಂದ ಗೇಲಿ ಮಾಡಿಸಿಕೊಂಡು, ಮತಗಟ್ಟೆಯ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಒಬ್ಬ ಗಿರಣಿ ಮಾಲೀಕರು ಬೆವರು ಒರೆಸಿಕೊಳ್ಳುತ್ತಿದ್ದರು. ಬೇರೆ ದಿನ ಅವರ ಡ್ರೈವರು ಹಾರ್ನ್ ಹೊಡೆದರೆ ನಾನೇ ಕಾಫಿ ಹಿಡಿದು ಕಾರಿನ ಬಳಿ ಓಡಬೇಕು. ಆ ದಿನ ಮಾತ್ರ ನಾನು ಹೆಜ್ಜೆ ಇಟ್ಟ ಮೇಲೆ ಅವರು ಇಡಬೇಕು. ಪ್ರಜಾಪ್ರಭುತ್ವ ನಮ್ಮ ಬೀದಿಗೆ ಚರಂಡಿ ಕೊಟ್ಟಿಲ್ಲ, ನಲ್ಲಿಯಲ್ಲಿ ನೀರು ಕೊಟ್ಟಿಲ್ಲ, ಆದರೆ ಆ ಒಂದು ಹೆಜ್ಜೆ ಕೊಟ್ಟಿದೆಯಲ್ಲ ಎಂದು ಅದರ ಉಳಿದ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆ.

ಒಳಗೆ ಹೋದರೆ, ಶಂಕರನಾರಾಯಣ ಮಂಜುನಾಥ ಐತಾಳರು ಬೆಳಿಗ್ಗೆಯೇ ಬಂದು ಮತ ಹಾಕಿದರಂತೆ! ಮತದಾರರ ಗುರುತು ಹಿಡಿಯಲು ಅಲ್ಲಿ ಕೂತಿದ್ದ ಎರಡೂ ಪಕ್ಷದ ಏಜೆಂಟರು ದಿನವೂ ನನ್ನಲ್ಲೇ ಇಡ್ಲಿ ತಿನ್ನುವವರು. ಅಷ್ಟುದ್ದದ ಹೆಸರು ನನ್ನದೆಂದು ಅವರಿಗೂ ಅಂದೇ ತಿಳಿದದ್ದು. ಈ ಊರಿಗೆ ನಾನು ಬಂದಾಗಿನಿಂದ ಬರೀ ‘ಅಣ್ಣಾ’. ಹಾಗಾಗಿ ತಾವು ನನ್ನ ಹೆಸರು ಹೇಳಿದಾಗ ಯಾರ ಕಣ್ಣಿನ ಮುಂದೆಯೂ ನನ್ನ ಮುಖ ಬರಲಿಲ್ಲ. ಅಧಿಕಾರಿಗಳು ಬಹಳ ಮರ್ಯಾದಸ್ಥರು. ನನಗೂ ಮಸಿ ಹಚ್ಚಿ, ಒಂದು ಮತಪತ್ರ ಕೊಟ್ಟು, ಮುದ್ರೆ ಒತ್ತಿಸಿ, ಅದನ್ನು ಪೆಟ್ಟಿಗೆಗೆ ಹಾಕದೆ ಲಕೋಟೆಯಲ್ಲಿಟ್ಟರು. ಅದನ್ನು ಎಣಿಸುವುದಿಲ್ಲವಂತೆ. ಎಲೆ ಹಾಕಿ, ನೀರಿಟ್ಟು, ಬಡಿಸದೆ ಎಬ್ಬಿಸಿದ ಹಾಗಾಯಿತು.

ಆದರೂ ನನ್ನ ಶ್ರಮ ತಪ್ಪಿಸಿದ ತಮ್ಮ ದೊಡ್ಡ ಮನಸ್ಸನ್ನು ಹೊಗಳಲೇಬೇಕು. ಈ ಸೇವೆಯನ್ನು ಅರ್ಧಕ್ಕೆ ನಿಲ್ಲಿಸದೆ, ನಾಳೆಯಿಂದ ನನ್ನ ಹೆಸರಿನಲ್ಲೇ ನಸುಕಿಗೆ ಎದ್ದು ಹಿಟ್ಟು ರುಬ್ಬಿ, ರೇಷನ್ ಸಾಲಿನಲ್ಲಿ ನಿಂತು, ನನ್ನ ಮಂಡಿನೋವನ್ನೂ ಹೊತ್ತುಕೊಂಡು, ನಾಗವೇಣಿಯ ಅಣ್ಣ ಬಂದಾಗ ಅವರ ಕಾಶಿಯಾತ್ರೆಯ ಕತೆಯನ್ನು ಕೊನೆತನಕ ಕೇಳಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ಮುಖ್ಯ ಕೋರಿಕೆ ಬೇರೆಯೇ ಇದೆ: ನಾನು ಯಾರಿಗೆ ಮತ ಹಾಕಿದೆ ಎಂಬುದನ್ನು ದಯವಿಟ್ಟು ತಿಳಿಸಿ. ಗೆದ್ದವರ ಮೆರವಣಿಗೆ ಹೋಟೆಲಿನ ಮುಂದೆ ಹೋದಾಗ, ಹಿಗ್ಗಬೇಕೋ ಉರಿದುಕೊಳ್ಳಬೇಕೋ ಗೊತ್ತಾಗದೆ ಸಾಂಬಾರಿನ ಸೌಟು ಹಿಡಿದು ನಿಂತುಬಿಟ್ಟೆ. ಗೆದ್ದವರನ್ನು ಐದು ವರ್ಷ ಬೈಯುವುದೊಂದೇ ನನ್ನಂಥವನ ಆಸ್ತಿ. ಆರಿಸಿದವನಾಗಿ ಬೈಯುವ ರೀತಿ ಬೇರೆ, ಸೋಲಿಸಲು ನೋಡಿದವನಾಗಿ ಬೈಯುವ ರೀತಿ ಬೇರೆ. ತಾವು ನನ್ನ ಬಾಯಿಗೆ ಎರಡನ್ನೂ ಉಳಿಸಲಿಲ್ಲ.

ತಮ್ಮ ವಿಶ್ವಾಸಿ, ಮತಗಟ್ಟೆಯ ಪ್ರಕಾರ ತಾವೇ ಆಗಿರುವ,
ಶಂಕರನಾರಾಯಣ ಮಂಜುನಾಥ ಐತಾಳ

ಮರೆತ ಮಾತು: ಹೋಟೆಲಿನ ಗೋಡೆಗೆ ಅಂಟಿಸುವ ಈ ಕಾಗದವನ್ನು ಗುಜರಾತಿಯಲ್ಲೇಕೆ ಬರೆಸಲಿಲ್ಲ ಎಂದು ಕೆಲವರು ಕೇಳಿದರು. ಗುಜರಾತಿನವರಿಗೆ ನಾನು ಅಣ್ಣಾ ಮಾತ್ರ. ನನ್ನ ಪೂರ್ತಿ ಹೆಸರು ಬಲ್ಲವರು ಕನ್ನಡ ಓದುತ್ತಾರೆ, ಸಂಜೆ ನನ್ನಲ್ಲೇ ಕಾಫಿ ಕುಡಿಯುತ್ತಾರೆ. ಅವರೆಲ್ಲ ಮಸಿ ಬೆರಳು ಮೆರೆಸುತ್ತಿರುವಾಗ, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲವೆಂದು ಗೊಣಗುತ್ತಿದ್ದ ಒಬ್ಬರು ಮಾತ್ರ ಎಡಗೈಯನ್ನು ಜೇಬಿನಿಂದ ತೆಗೆದೇ ಇಲ್ಲ. ಇವತ್ತಿನಿಂದ ಅವರ ಮೇಜಿಗೆ ಕುದಿಯುವ ಕಾಫಿ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸಲು ಎರಡೂ ಕೈ ಬೇಕು.